ವರಿ ಎತ್ತುವವರು ನಿಲ್ಲದ ಮನೆ

ಮದುವೆಯಾಗದೆ ತಾಯಿಯಾದ ಹುಡುಗಿಯನ್ನು ಊರು ಹೊರಗಿಡುವುದೇ ನನ್ನ ಸಿನಿಮಾದ ಕಥೆ. ಅದನ್ನು ಯಾರಿಗೆ ಹೇಳಿದರೂ ಮೊದಲು ಬರುತ್ತಿದ್ದ ಪ್ರಶ್ನೆ ಒಂದೇ. "ಕೊನೆಗೆ ನಾಲೆಗೆ ಬೀಳ್ತಾಳಾ?" ಮೈಸೂರಿನಲ್ಲಿ ದುಡ್ಡು ಹಾಕುತ್ತೇನೆ ಅಂತ ಬಂದವರು ಕೇಳಿದರು. ಕ್ಯಾಮೆರಾ ಬಾಡಿಗೆಗೆ ಕೊಡುವವರು ಕೇಳಿದರು. ನಮ್ಮಮ್ಮನೂ ಕೇಳಿದರು. ಮದುವೆಯಾಗದೆ ಮಗು ಹೆತ್ತ ಹುಡುಗಿಗೆ ನಮ್ಮ ಸಿನಿಮಾಗಳು ಸಾಮಾನ್ಯವಾಗಿ ಎರಡೇ ದಾರಿ ಬಿಟ್ಟಿರುತ್ತವೆ. ಒಂದು ನೀರು. ಇನ್ನೊಂದು, ಕೊನೆ ರೀಲಿನಲ್ಲಿ ಓಡೋಡಿ ಬಂದು ತಾಳಿ ಕಟ್ಟುವ ಗಂಡು. ಮಂಡ್ಯ ಸೀಮೆಯಲ್ಲಿ ನೀರು ಅಂದರೆ ವಿಶ್ವೇಶ್ವರಯ್ಯ ನಾಲೆ. ಅದಕ್ಕೇ ಎಲ್ಲರ ತಲೆಯೂ ಅಲ್ಲಿಗೇ ಹೋಗುತ್ತಿತ್ತು.

ನಾವು ಶೂಟಿಂಗ್ ಮಾಡಿದ್ದು 2024ರ ಬೇಸಿಗೆಯಲ್ಲಿ, ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ಧರಣಿ ಮೇಲೆ ಧರಣಿ ನಡೆದಿತ್ತು. 2023ರ ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ಕೂಡ ಆಗಿತ್ತು. ನಾವು ಹೋಗುವ ಹೊತ್ತಿಗೆ ನಾಲೆಯ ತಳದಲ್ಲಿ ಹೂಳು ಒಣಗಿ ಬಿರುಕು ಬಿಟ್ಟಿತ್ತು. ಊರಿನ ಒಬ್ಬ ಅಜ್ಜ ನನ್ನ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಬೀಡಿ ತುದಿಯನ್ನು ಜಗಲಿಗೆ ಉಜ್ಜಿ ಆರಿಸಿ, "ನಾಲೇಲಿ ನೀರೆಲ್ಲೈತವ್ವ ಬೀಳಕ್ಕೆ?" ಅಂದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಬಹಿಷ್ಕಾರ ಅಂದಕೂಡಲೇ ಸಿನಿಮಾ ಮಾಡುವವರಿಗೆ ಪಂಚಾಯ್ತಿ ಕಟ್ಟೆ ನೆನಪಾಗುತ್ತದೆ. ಅರಳಿಮರ, ಮೀಸೆ ತಿರುವುವ ಗೌಡ, ತಲೆ ತಗ್ಗಿಸಿ ನಿಂತ ಹುಡುಗಿ, ತೀರ್ಪು. 1977ರ 'ಘಟಶ್ರಾದ್ಧ'ದಲ್ಲಿ ಬಸುರಾದ ವಿಧವೆಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಅಲ್ಲಿ ಹೊರಗೆ ಹಾಕುವುದಕ್ಕೆ ಒಂದು ವಿಧಿ ಇತ್ತು. ಕ್ಯಾಮೆರಾ ಇಡುವುದಕ್ಕೆ ಒಂದು ಜಾಗ ಇತ್ತು. ನನಗೆ ಸಿಕ್ಕ ಊರಿನಲ್ಲಿ ಅಂಥದ್ದು ಏನೂ ಇರಲಿಲ್ಲ.

ಒಬ್ಬ ಆಶಾ ಕಾರ್ಯಕರ್ತೆಯ ಮೂಲಕ ಕೆಲವು ಹೆಂಗಸರನ್ನು ಮಾತಾಡಿಸಿದ್ದೆ. ಒಬ್ಬೊಬ್ಬರದು ಒಂದೊಂದು ಊರು. ಫೋನು ರೆಕಾರ್ಡಿಂಗ್‌ಗೆ ಇಡಲಿಲ್ಲ, ಪುಸ್ತಕ ತೆಗೆಯಲಿಲ್ಲ. ನಿಮ್ಮ ಕಥೆ ಸಿನಿಮಾ ಮಾಡಲ್ಲ, ಊರು ಹೇಗೆ ನಡೆದುಕೊಳ್ಳುತ್ತೆ ಅನ್ನೋದು ಮಾತ್ರ ತಿಳ್ಕೋಬೇಕು ಅಂತ ಮೊದಲೇ ಹೇಳಿದ್ದೆ. ನಾನು ಬೈಗುಳ, ಹೊಡೆತ, ಕಲ್ಲು ನಿರೀಕ್ಷೆ ಮಾಡಿಕೊಂಡು ಕೂತಿದ್ದೆ. ಒಬ್ಬಾಕೆ ಸೊಪ್ಪು ಬಿಡಿಸುತ್ತಾ ಹೇಳಿದ್ದು ಇಷ್ಟು: "ಯಾರೂ ಏನೂ ಅನ್ನಲಿಲ್ಲ ಕಣಕ್ಕ. ಮಾರಿಹಬ್ಬಕ್ಕೆ ವರಿ ಎತ್ತೋರು ನಮ್ಮನೆ ಮುಂದೆ ನಿಲ್ಲಲಿಲ್ಲ. ಅಷ್ಟೆಯ."

ಊರಹಬ್ಬಕ್ಕೆ ಮನೆಗಿಷ್ಟು ಅಂತ ಎತ್ತುವ ದುಡ್ಡು ವರಿ. ಅದನ್ನು ಕೊಡುವಾಗ ಗೊಣಗದ ಮನೆ ಇಲ್ಲ. ಕಳೆದ ವರ್ಷ ಎಷ್ಟಿತ್ತು, ಈ ವರ್ಷ ಯಾಕೆ ಜಾಸ್ತಿ, ಲೆಕ್ಕ ಎಲ್ಲಿ ಅಂತ ಜಗಳ ಇದ್ದೇ ಇರುತ್ತದೆ. ಈಕೆಯ ಮನೆಗೆ ಮಾತ್ರ ಆ ಜಗಳ ಆಡುವ ಹಕ್ಕು ಹೋಗಿತ್ತು. ದುಡ್ಡು ಉಳಿಯಿತು, ಊರು ಹೋಯಿತು. ವರಿ ಕೊಡದ ಮನೆಯಿಂದ ತಂಬಿಟ್ಟಿನ ಆರತಿ ಹೊರಡುವುದಿಲ್ಲ. ಆರತಿ ಹೊರಡದ ಮನೆಗೆ ಪ್ರಸಾದ ಬರುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಸಿನಿಮಾ ಇಲ್ಲಿದೆ ಅಂತ ಆವತ್ತೇ ಅನ್ನಿಸಿತು. ಆದರೆ ತಲೆನೋವು ಶುರುವಾಗಿದ್ದೂ ಆವತ್ತೇ. ನಡೆಯದೇ ಇರುವುದನ್ನು ಶೂಟ್ ಮಾಡುವುದು ಹೇಗೆ? ನಿಲ್ಲದೇ ಹೋದವರನ್ನು ತೋರಿಸಿದರೆ ನೋಡುವವರಿಗೆ ಯಾರೋ ಬೀದಿಯಲ್ಲಿ ಹೋದರು ಅಂತ ಕಾಣುತ್ತದೆ, ಅಷ್ಟೇ.

ಕಥೆಗೆ ಅಸ್ಥಿಪಂಜರ ಸಿಕ್ಕಿದ್ದು ಕಾನೂನಿನಿಂದ. ಮೈಸೂರಿನಲ್ಲಿ ಒಬ್ಬ ವಕೀಲೆ, ಮಕ್ಕಳ ವಿಷಯದಲ್ಲಿ ಕೆಲಸ ಮಾಡುವವರು, ಸ್ಕ್ರಿಪ್ಟನ್ನು ಪೆನ್ಸಿಲ್ ಹಿಡಿದು ಓದಿಕೊಟ್ಟರು. ಮಗುವನ್ನು ಬಿಟ್ಟುಕೊಡುವುದಿದ್ದರೆ ಅದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಆಗಬೇಕು. ಪತ್ರಕ್ಕೆ ಸಹಿ ಹಾಕಿದ ಮೇಲೂ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಇರುತ್ತದೆ. ಆ ಅವಧಿಯಲ್ಲಿ ಮಗುವನ್ನು ದತ್ತು ಕೇಂದ್ರದಲ್ಲಿ ಇಡಬಹುದು. ಈ ಎರಡು ತಿಂಗಳು ಕಿವಿಗೆ ಬಿದ್ದಕೂಡಲೇ ನನಗೆ ಇಡೀ ಸಿನಿಮಾ ಕಾಣಿಸಿತು.

ಹೀಗೆ. ಹುಡುಗಿ ಮದ್ದೂರು ಕಡೆಯ ಗಾರ್ಮೆಂಟ್ಸ್‌ಗೆ ಬಸ್ಸಿನಲ್ಲಿ ಹೋಗಿ ಬರುವವಳು. ಹೆರಿಗೆ ಆಗುತ್ತದೆ. ಸಹಿ ಹಾಕಿ, ಮಗು ಬಿಟ್ಟು, ಹಾಲು ಕಟ್ಟಿಕೊಂಡ ಎದೆಯ ಮೇಲೆ ಟವೆಲ್ ಸುತ್ತಿಕೊಂಡು ಊರಿಗೆ ಬರುತ್ತಾಳೆ. ಮೊದಲು ಊರು ಸುಮ್ಮನಿರುತ್ತದೆ. ಆಮೇಲೆ ನಿಧಾನಕ್ಕೆ ಮಾತು ಶುರು. ಹೋಗಲಿ ಬುಡು, ಆಗಿದ್ದಾಯ್ತು. ಪಕ್ಕದ ಮನೆಯವರು ಉಪ್ಸಾರು ಕಳಿಸುತ್ತಾರೆ. ಯಾರೋ ಒಂದು ಸಂಬಂಧದ ಮಾತನ್ನೂ ಎತ್ತುತ್ತಾರೆ, ಎರಡನೇ ಮದುವೆಯ ಗಂಡು. ಎಲ್ಲ ಸರಿಹೋಯಿತು ಅನ್ನುವಾಗ, ಎರಡು ತಿಂಗಳು ತುಂಬುವ ಮೊದಲು, ಅವಳು ಹೋಗಿ ಮಗುವನ್ನು ವಾಪಸ್ ತರುತ್ತಾಳೆ. ಸಿನಿಮಾದ ಎರಡನೇ ಅರ್ಧ ಅಲ್ಲಿಂದ.

ಅಂದರೆ ಊರಿಗೆ ಅವಳು ಮಾಡಿದ್ದು ದೊಡ್ಡ ವಿಷಯ ಆಗಿರಲಿಲ್ಲ. ಮಗು ಕಣ್ಣಿಗೆ ಬೀಳದಿದ್ದರೆ ಊರಿಗೆ ಸಾಕಾಗಿತ್ತು. ಈ ಸಿನಿಮಾದಲ್ಲಿ ನನಗೆ ಹೇಳಬೇಕಾಗಿದ್ದು ಇದೊಂದೇ. ಅದಕ್ಕೆ ಅಡ್ಡ ಬಂದಿದ್ದನ್ನೆಲ್ಲ ಕಿತ್ತು ಹಾಕಿದೆ. ಅಮ್ಮ ಎದೆ ಬಡಿದುಕೊಳ್ಳುವ ದೃಶ್ಯ ಹೋಯಿತು. ಅಣ್ಣ ಮಚ್ಚು ತೆಗೆಯುವ ದೃಶ್ಯ ಹೋಯಿತು. ಅಣ್ಣನ ಪಾತ್ರವೇ ಹೋಯಿತು.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ ಅಂತ ಗೊತ್ತಿತ್ತು. "ತೆಗೆಸಬಹುದಿತ್ತಲ್ಲ?" ತೆಗೆಸಬಹುದಿತ್ತು. ಹದಿನೆಂಟು ತುಂಬಿದ ಹೆಣ್ಣುಮಗಳ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಬಂದ ತಿದ್ದುಪಡಿಯಲ್ಲಿ 'ಗಂಡ' ಅಂತ ಇದ್ದ ಕಡೆ 'ಸಂಗಾತಿ' ಬಂತು. 20ರಿಂದ 24 ವಾರದವರೆಗಿನ ಅವಕಾಶ ಮದುವೆಯಾಗದವರಿಗೂ ಇದೆ ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದನ್ನೆಲ್ಲ ಒಬ್ಬ ಪಾತ್ರದ ಬಾಯಲ್ಲಿ ಹೇಳಿಸಿದರೆ ಅದು ಸಾಕ್ಷ್ಯಚಿತ್ರ ಆಗುತ್ತದೆ. ಹಾಗಾಗಿ ಒಂದೇ ಶಾಟ್ ಇಟ್ಟೆವು. ಹುಡುಗಿ ಮೈಸೂರಿನಲ್ಲಿ ಒಂದು ಕೌಂಟರ್ ಮುಂದೆ ನಿಂತಿದ್ದಾಳೆ. ಒಳಗಿನಿಂದ "ಗಂಡನ ಹೆಸರು?" ಅಂತ ಕೇಳುತ್ತಾರೆ. ಅದೊಂದು ಮಾಮೂಲಿ ಪ್ರಶ್ನೆ, ಜೋರಿಲ್ಲ, ಕೊಂಕಿಲ್ಲ. ಅವಳು ಚೀಟಿ ಮಡಚಿಕೊಂಡು ಬಸ್ ಸ್ಟ್ಯಾಂಡಿಗೆ ವಾಪಸ್ ನಡೆಯುತ್ತಾಳೆ.

ಈಗ ನಡೆಯದ್ದನ್ನು ತೋರಿಸುವ ವಿಷಯಕ್ಕೆ ಬರುತ್ತೇನೆ. ನಾವು ಕಂಡುಕೊಂಡ ದಾರಿ ತುಂಬಾ ಸರಳ, ಆದರೆ ಅದಕ್ಕೆ ಸಮಯ ಖರ್ಚಾಗುತ್ತದೆ. ಮೊದಲು ನೋಡುವವರಿಗೆ ಊರಿನ ಅಭ್ಯಾಸ ಹಿಡಿಸಬೇಕು. ಸಿನಿಮಾದ ಶುರುವಿನಲ್ಲಿ ಕಥೆ ಇಲ್ಲವೇ ಇಲ್ಲ ಅನ್ನುವ ಹಾಗೆ ಊರನ್ನು ತೋರಿಸಿದೆವು. ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಮನೆಮನೆಗೆ ಬರುವುದು. ಪತ್ರಿಕೆ ಕೊಡುವವರು ಹೊಸ್ತಿಲು ದಾಟಿ ಬಂದು, ನೀರು ಬೇಡ ಅಂದು, ಆಮೇಲೆ ಕಾಫಿ ಕುಡಿದೇ ಹೋಗುವುದು. ವರಿ ಪುಸ್ತಕ ಹಿಡಿದ ಹುಡುಗರ ಜೊತೆ ಇವಳ ಅಮ್ಮ ನೂರು ರೂಪಾಯಿಗೆ ಚೌಕಾಶಿ ಮಾಡುವುದು. ನಲ್ಲಿ ಹತ್ತಿರ ಬಿಂದಿಗೆ ಸಾಲು. ಎಡಿಟಿಂಗ್‌ನಲ್ಲಿ ನಮ್ಮ ಎಡಿಟರ್ ಇದನ್ನೆಲ್ಲ ಅರ್ಧಕ್ಕೆ ಇಳಿಸೋಣ ಅಂತ ಹಟ ಹಿಡಿದರು. ಬೋರ್ ಆಗುತ್ತೆ ಅಂದರು. ಆಗಲಿ ಅಂದೆ. ಒಂದು ಸಲ ಕಾಫಿ ಕುಡಿದು ಹೋದವರನ್ನು ನೋಡಿದ್ದರೆ ತಾನೇ, ಮುಂದೆ ಅದೇ ಜನ ಅದೇ ವೇಗದಲ್ಲಿ ಬಾಗಿಲು ದಾಟಿ ಮುಂದಕ್ಕೆ ಹೋದಾಗ ಎದೆಗೆ ತಾಗುವುದು?

ಎರಡನೇ ಅರ್ಧದಲ್ಲಿ ಅದೇ ಜಾಗ, ಅದೇ ಲೆನ್ಸ್, ಅದೇ ಎತ್ತರ. ಬದಲಾಗಿದ್ದು ಒಂದು ನಿಯಮ ಮಾತ್ರ. ಮಗು ಬಂದ ಮೇಲೆ ಕ್ಯಾಮೆರಾ ಆ ಮನೆಯ ಹೊಸ್ತಿಲು ದಾಟುವುದಿಲ್ಲ. ಊರಿನವರು ಎಲ್ಲಿ ನಿಲ್ಲುತ್ತಾರೋ ಕ್ಯಾಮೆರಾವೂ ಅಲ್ಲೇ. ಬೀದಿಯಿಂದ, 35 ಎಂ.ಎಂ. ಲೆನ್ಸ್‌ನಲ್ಲಿ, ಬಾಗಿಲ ಚೌಕಟ್ಟಿನೊಳಗೆ ಅವಳು ಎಷ್ಟು ಕಾಣುತ್ತಾಳೋ ಅಷ್ಟು. ಒಳಗೆ ಮಗು ಅಳುವುದು ಕೇಳುತ್ತದೆ. ಜೂಮ್ ಮಾಡುವ ಹಾಗಿಲ್ಲ. ಕ್ಯಾಮೆರಾ ಹಿಡಿದ ಗೆಳೆಯನಿಗೆ ಇದರಿಂದ ಕೈ ಕಟ್ಟಿದಂತಾಗಿತ್ತು. "ಒಳ್ಳೆ ಬೆಳಕು ಒಳಗೈತೆ, ನಾವು ಹೊರಗಿದೀವಿ" ಅಂತ ದಿನಾ ಗೊಣಗುತ್ತಿದ್ದ. ಒಂದು ಬೆಳಿಗ್ಗೆ ಪಕ್ಕದ ಮನೆಯ ಮುದುಕಿ ಹೆಪ್ಪಿಗೆ ಒಂಚೂರು ಮೊಸರು ಕೇಳಿಕೊಂಡು ಒಳಗೆ ಹೋಗುತ್ತಾಳೆ. ಕ್ಯಾಮೆರಾ ಅವಳ ಹಿಂದೆಯೇ ಒಳಗೆ ಹೋಗುತ್ತದೆ. ಕೈಯೊಡ್ಡಿ ಕೇಳುವುದಕ್ಕಿಂತ ದೊಡ್ಡ ಮರ್ಯಾದೆ ಹಳ್ಳಿಯಲ್ಲಿ ಇಲ್ಲ. ಕೊಡುವುದಾದರೆ ಕರುಣೆಯಿಂದಲೂ ಕೊಡಬಹುದು.

ಡೈರಿಯ ದೃಶ್ಯ ಸ್ಕ್ರಿಪ್ಟಿನಲ್ಲಿ ಹೀಗಿತ್ತು: ಹಾಲು ಹಾಕಲು ಹೋದವಳನ್ನು ಕಾರ್ಯದರ್ಶಿ ವಾಪಸ್ ಕಳಿಸುತ್ತಾನೆ. ಅದನ್ನು ಊರಿನ ಹೆಂಗಸರಿಗೆ ಹೇಳಿದಾಗ ನಕ್ಕರು. "ಹಾಲು ಯಾಕವ್ವ ಬ್ಯಾಡ ಅಂತಾರೆ?" ಬೆಳಿಗ್ಗೆ ಆರಕ್ಕೆ ಡೈರಿ ಮುಂದೆ ಹೋಗಿ ನಿಂತು ನೋಡಿದೆ. ಒಬ್ಬೊಬ್ಬರೇ ಬಂದು ಹಾಲು ಸುರಿಯುತ್ತಾರೆ. ಮೆಷಿನ್ನು ಒಂದು ತೊಟ್ಟು ಹೀರಿ ಫ್ಯಾಟ್ ಎಷ್ಟು ಅಂತ ಹೇಳುತ್ತದೆ. ಚೀಟಿ ಬರುತ್ತದೆ. ದುಡ್ಡು ಬ್ಯಾಂಕಿಗೆ ಹೋಗುತ್ತದೆ. ಯಾವ ಜಾತಿಯ ಮನೆಯ ಹಾಲೂ ಒಂದೇ ಕ್ಯಾನಿಗೆ. ಇದಕ್ಕಿಂತ ಒಳ್ಳೆಯ ದೃಶ್ಯ ನಾನು ಬರೆಯುವುದು ಸಾಧ್ಯವಿರಲಿಲ್ಲ. ಸಿನಿಮಾದಲ್ಲಿ ಅವಳು ಸಾಲಿನಲ್ಲಿ ನಿಲ್ಲುತ್ತಾಳೆ. ಮುಂದಿನವಳು ಒಂದು ಹೆಜ್ಜೆ ಮುಂದೆ ಸರಿಯುತ್ತಾಳೆ, ಹಿಂದಿನವಳು ಒಂದು ಹೆಜ್ಜೆ ಹಿಂದೆ. ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಆದರೆ ಅವಳ ಹಾಲು ಎಲ್ಲರ ಹಾಲಿನ ಕ್ಯಾನಿಗೇ ಬೀಳುತ್ತದೆ. ಕ್ಯಾನಿನ ಬಾಯಿಯ ಕ್ಲೋಸಪ್ ಒಂದನ್ನು ತೆಗೆದುಕೊಂಡು ಮುಂದಕ್ಕೆ ಹೋದೆವು. ಏನನ್ನೂ ಒತ್ತಿ ಹೇಳಲಿಲ್ಲ.

ಅದೇ ಡೈರಿಯ ಹಸುವಿಗೂ ಕಾಗದ ಬೇಕು ಅನ್ನುವುದು ಹೊಸದಾಗಿ ಸಿನಿಮಾ ಮಾಡುವವರಿಗೆ ಗೊತ್ತಿರುವುದಿಲ್ಲ. ಕಥೆಯಲ್ಲಿ ಹಸು ಇದ್ದರೆ ಪ್ರಾಣಿ ಕಲ್ಯಾಣ ಮಂಡಳಿಗೆ ಮುಂಚೆಯೇ ಅರ್ಜಿ ಹಾಕಿ ಅನುಮತಿ ತಗೋಬೇಕು. ಸೆನ್ಸಾರ್‌ಗೆ ಹೋದಾಗ ಅವರ ಪತ್ರ ಕೇಳುತ್ತಾರೆ. ಮಂಡಳಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ಮಂಡ್ಯದ ಸೀಮೆ ಹಸು ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುವುದಕ್ಕೆ ಹರಿಯಾಣದಿಂದ ಒಪ್ಪಿಗೆ! ಊರಿನವರಿಗೆ ಇದನ್ನು ಹೇಳಿದಾಗ ನಂಬಲೇ ಇಲ್ಲ.

ಮಗುವಿನ ವಿಷಯ ಇನ್ನೂ ಸೂಕ್ಷ್ಮ. ಮಕ್ಕಳನ್ನು ಶೂಟಿಂಗ್‌ಗೆ ಬಳಸುವುದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಇಲ್ಲ, ಬಿಡುವಿಲ್ಲದೆ 3 ಗಂಟೆಗಿಂತ ಜಾಸ್ತಿ ಇಲ್ಲ. ಕೊಡುವ ಹಣದಲ್ಲಿ ಕನಿಷ್ಠ 20 ಶೇಕಡ ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಇದೆಲ್ಲ ಕಾಗದದ ಕೆಲಸ, ಮಾಡಿದರೆ ಮುಗಿಯುತ್ತದೆ. ಕಷ್ಟ ಇದ್ದದ್ದು ಬೇರೆ. ಎಳೆ ಮಗುವನ್ನು ಸಿನಿಮಾಕ್ಕೆ ಕೊಡಲು ಒಪ್ಪಿದ ಮನೆಯವರು, ಯಾವ ಪಾತ್ರ ಅಂತ ತಿಳಿದ ಮೇಲೆ ಹಿಂದೆ ಸರಿಯುತ್ತಿದ್ದರು. ಅಪ್ಪ ಇಲ್ಲದ ಮಗು ಅಂತ ಬಾಯಲ್ಲಿ ಅನ್ನಿಸುವುದೇ ಅಪಶಕುನ. ನಟನೆ ಅನ್ನುವುದು ದೊಡ್ಡವರಿಗೆ. ಮಗುವಿಗೆ ಅಂದಿದ್ದು ತಾಗುತ್ತದೆ.

ಕೊನೆಗೆ ಒಂದು ಮನೆಯ ಅಜ್ಜಿ ಒಪ್ಪಿದರು. ಶರತ್ತು ಹಾಕಿದರು. ಮಗುವಿನ ಎದುರಿಗೆ ಯಾರೂ ಆ ಮಾತು ಆಡಬಾರದು. ಮಗುವಿನ ತಾಯಿ ಯಾವಾಗಲೂ ಪಕ್ಕದಲ್ಲೇ ಇರಬೇಕು. ಸಂಜೆ ಮನೆಗೆ ಹೋಗುವ ಮೊದಲು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಬೇಕು. ಮತ್ತೆ ದೃಷ್ಟಿ ಬೊಟ್ಟು. ಬೊಟ್ಟಿಲ್ಲದೆ ಮಗುವನ್ನು ಹೊರಗೆ ತರುವುದೇ ಇಲ್ಲ. ನಮಗೆ ಬೊಟ್ಟಿನ ತೊಂದರೆ ಇರಲಿಲ್ಲ, ಪಾತ್ರದ ಮಗುವಿಗೂ ಯಾರೋ ಇಡುವುದು ಸಹಜ ಅಲ್ವಾ. ಆದರೆ ಅಜ್ಜಿ ಒಂದು ದಿನ ಎಡಗೆನ್ನೆಗೆ, ಒಂದು ದಿನ ಬಲಗೆನ್ನೆಗೆ, ಇನ್ನೊಂದು ದಿನ ಹಣೆಗೆ ಇಡುತ್ತಿದ್ದರು. ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದಿಕೆ, ನೋಡುವ ಹುಡುಗಿಗೆ ಜೀವ ಹೋಗುತ್ತಿತ್ತು. ಅಳಿಸಿ ಬೇರೆ ಕಡೆ ಇಡೋಣ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ಅಜ್ಜಿಯೇ ದಾರಿ ತೋರಿಸಿದರು. "ಅಂಗಾಲಿಗೆ ಇಟ್ರೂ ಆಯ್ತದೆ ಕಣ್ಮಗ, ನಿಮ್ಮ ಕ್ಯಾಮೆರಾಗೆ ಕಾಣಕ್ಕಿಲ್ಲ." ಅಲ್ಲಿಂದ ಮುಂದೆ ಅಂಗಾಲು. ಕೆನ್ನೆಯದನ್ನು ನಾವೇ ಒಂದೇ ಜಾಗಕ್ಕೆ ಇಟ್ಟೆವು. ದೂರದ ಶಾಟ್‌ಗಳಿಗೆ ಬಟ್ಟೆಯಲ್ಲಿ ಸುತ್ತಿದ ಗೊಂಬೆ. ಅಳುವ ಸದ್ದನ್ನು ಮಗು ತಾನಾಗಿ ಅತ್ತಾಗ ರೆಕಾರ್ಡ್ ಮಾಡಿಕೊಂಡೆವು. ಮಗುವನ್ನು ಅಳುವಂತೆ ಮಾಡಿ ತೆಗೆಯುವ ಸಿನಿಮಾ ನನಗೆ ಬೇಡ.

ಹುಡುಗಿಯ ಪಾತ್ರ ಮಾಡಿದ್ದು ಮೈಸೂರಿನಲ್ಲಿ ನಾಟಕ ಮಾಡುವ ಒಬ್ಬ ಕಲಾವಿದೆ. ಉಳಿದವರೆಲ್ಲ ಊರಿನವರು. ಶುರುವಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು, "'ತಿಥಿ' ಥರಾನಾ ಮೇಡಂ?" ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಇಟ್ಟುಕೊಂಡು ಆ ಸಿನಿಮಾ ಮಾಡಿದ್ದರಿಂದ ನಮ್ಮಂಥವರಿಗೆ ಬಾಗಿಲು ತೆರೆದಿದೆ, ಅದು ನಿಜ. ಆದರೆ ಒಂದು ತೊಂದರೆಯೂ ಆಗಿದೆ. ಮಂಡ್ಯದ ಮಾತು ಅಂದರೆ ಜನ ನಗಲು ರೆಡಿಯಾಗಿ ಕೂರುತ್ತಾರೆ. ನಮ್ಮ ಕಾಮಿಡಿ ಸಿನಿಮಾಗಳೆಲ್ಲ ಸೇರಿ ಈ ಭಾಷೆಗೆ ಅಂಥ ಗತಿ ತಂದಿವೆ. ಊರಿನವರಿಗೂ ಅದು ಗೊತ್ತು. ಕ್ಯಾಮೆರಾ ಮುಂದೆ ಬಂದಕೂಡಲೇ "ನಾನು ಹೋಗುತ್ತೇನೆ, ನೀನು ಬರುತ್ತೀಯಾ" ಅಂತ ಪುಸ್ತಕದ ಭಾಷೆಗೆ ಹಾರುತ್ತಿದ್ದರು. ಅದಕ್ಕೆ ಬರೆದ ಡೈಲಾಗ್ ಕೊಡುವುದನ್ನೇ ನಿಲ್ಲಿಸಿದೆ. ಏನಾಗಿದೆ ಅಂತ ಮಾತ್ರ ಹೇಳುತ್ತಿದ್ದೆ. "ನೀವು ಪತ್ರಿಕೆ ಹಂಚ್ತಾ ಇದೀರಿ. ಈ ಮನೆ ಬಂತು. ನಿಮ್ಮ ಯಜಮಾನ್ರು ಮುಂದೆ ಹೋದ್ರು. ನೀವು?" ಒಬ್ಬ ಹೆಂಗಸು ಈ ದೃಶ್ಯದಲ್ಲಿ ಏನೂ ಮಾತಾಡಲಿಲ್ಲ. ಬಾಗಿಲ ಮುಂದೆ ಬಂದಾಗ ಸೆರಗು ಸರಿಮಾಡಿಕೊಂಡು, ಕೈಯಲ್ಲಿದ್ದ ಪತ್ರಿಕೆಗಳನ್ನು ಎಣಿಸತೊಡಗಿದರು. ಎಣಿಸುತ್ತಾ ಎಣಿಸುತ್ತಾ ಮುಂದಿನ ಮನೆಗೆ ಹೋದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಎಲ್ಲಿ ಕಲಿತಿರಿ ಅಂತ ಕೇಳಲೂ ಹೋಗಲಿಲ್ಲ.

ಕಲಾವಿದೆಗೆ ಕಷ್ಟ ಆಗಿದ್ದು ಅಳದೇ ಇರುವುದು. ರಂಗಭೂಮಿಯಲ್ಲಿ ದುಃಖ ಹೊರಗೆ ಬರಬೇಕು. ಇಲ್ಲಿ ಹುಡುಗಿಗೆ ಪುರಸೊತ್ತಿಲ್ಲ. ಹಸುವಿಗೆ ಹುಲ್ಲು ತರಬೇಕು, ಬಟ್ಟೆ ಒಗೆಯಬೇಕು, ಎದೆ ಹಾಲು ಕುಡಿಸಬೇಕು, ರೇಷನ್ನಿಗೆ ಬೆರಳು ಕೊಡಬೇಕು. ಶೂಟಿಂಗ್‌ಗೆ ಮೊದಲು ಅವರು ಊರಿನಲ್ಲೇ ಒಂದು ಮನೆಯಲ್ಲಿ ಉಳಿದು ಹುಲ್ಲಿನ ಹೊರೆ ಹೊತ್ತರು. ಹೊರೆ ಹೊತ್ತಾಗ ಕತ್ತು ಗಟ್ಟಿಯಾಗುತ್ತದೆ, ದೃಷ್ಟಿ ಮುಂದಕ್ಕೇ ಇರುತ್ತದೆ, ಅಕ್ಕಪಕ್ಕ ನೋಡುವ ಹಾಗಿಲ್ಲ. ಊರು ಅವಳನ್ನು ನೋಡುತ್ತಿಲ್ಲ, ಅವಳೂ ಊರನ್ನು ನೋಡುತ್ತಿಲ್ಲ. ಈ ಭಂಗಿ ಸಿಕ್ಕ ಮೇಲೆ ಅರ್ಧ ಅಭಿನಯ ಬೇಕೇ ಆಗಲಿಲ್ಲ.

ಇಡೀ ಸಿನಿಮಾದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. 'ಆ ಮನೆಯೋಳು', 'ಅವಳು', 'ನಿಮ್ಮುಡ್ಗಿ'. ಹೆಸರು ಕಿವಿಗೆ ಬೀಳುವುದು ಒಂದೇ ಕಡೆ. ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ನೋಡಿ ಕೂಗುತ್ತಾರೆ. ಮುಂದಿನ ಸಾಲಿಗೆ, ತಂದೆಯ ಹೆಸರಿನ ಖಾನೆಗೆ, ಬಂದಾಗ ಪೆನ್ನು ನಿಲ್ಲುತ್ತದೆ. ಹಿಂದೂ ಕಾನೂನಿನಲ್ಲಿ, 1956ರಿಂದಲೂ, ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಪೋಷಕಿ. ತಂದೆಯ ಹೆಸರು ಹೇಳು ಅಂತ ಅವಳನ್ನು ಒತ್ತಾಯಿಸುವ ಹಾಗಿಲ್ಲ, ಅಫಿಡವಿಟ್ ಕೊಟ್ಟರೆ ಜನನ ಪ್ರಮಾಣಪತ್ರ ಕೊಡಬೇಕು ಅಂತ 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾತ್ರದ ಆಶಾ ಕಾರ್ಯಕರ್ತೆಯೂ ಅಡ್ಡಿ ಮಾಡುವುದಿಲ್ಲ. ಆ ಖಾನೆಯಲ್ಲಿ ಒಂದು ಅಡ್ಡಗೆರೆ ಎಳೆಯುತ್ತಾರೆ. ಗೆರೆಯ ಕ್ಲೋಸಪ್ ತೆಗೆಯುವಾಗ ಪೆನ್ನು ಸರಿಯಾಗಿ ಬರೆಯದೆ ಮೊದಲು ಬರೀ ಗೀರು ಮೂಡಿತು, ಇನ್ನೊಮ್ಮೆ ಒತ್ತಿ ಎಳೆದರು. ಎರಡು ಸಲ ಎಳೆದ ಗೆರೆಯನ್ನೇ ಇಟ್ಟುಕೊಂಡೆವು.

ಅಪ್ಪ ಯಾರು? ಇದನ್ನು ಕೇಳದವರಿಲ್ಲ. ಅವನೂ ಅದೇ ಊರಿನವನು, ಅದೇ ಜಾತಿ, ಅಣ್ಣತಮ್ಮಿಕೆಯ ಮನೆ, ಹಾಗಾಗಿ ಮದುವೆ ಸಾಧ್ಯವಿಲ್ಲ. ಇಷ್ಟು ಸಿನಿಮಾದಲ್ಲಿ ಗೊತ್ತಾಗುತ್ತದೆ. ಜಾತಿಯ ಸುದ್ದಿ ಎತ್ತದೆ ಹಳ್ಳಿ ಸಿನಿಮಾ ಮಾಡುವುದು ಉಪ್ಪು ಹಾಕದೆ ಉಪ್ಸಾರು ಕಾಯಿಸಿದ ಹಾಗೆ. ಬೇರೆ ಜಾತಿಯ ಗಂಡನ್ನು ತಂದಿದ್ದರೆ ನೋಡುವವರು "ಓ, ಅದಕ್ಕೇ" ಅಂದು ಹಗುರಾಗುತ್ತಿದ್ದರು. ಹಗುರಾಗಲು ಬಿಡಬಾರದು ಅಂತ ಹೀಗೆ ಮಾಡಿದ್ದು. ಅವನು ಯಾರು ಅಂತ ತೋರಿಸಲಿಲ್ಲ. ವರಿ ಎತ್ತುವ ಗುಂಪಿನಲ್ಲಿ ಇರಬಹುದು, ಡೈರಿಯಲ್ಲಿ ಇರಬಹುದು. ಕಲಾವಿದೆಗೆ ಮಾತ್ರ, ಊರಿನ ಗಂಡಸರಲ್ಲಿ ನೀವೇ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ ಅಂದಿದ್ದೆ. ಇಟ್ಟುಕೊಂಡರಂತೆ. ನನಗೂ ಹೇಳಿಲ್ಲ.

ಆಲೆಮನೆಯ ದೃಶ್ಯಕ್ಕೆ ಜಾಗ ಸಿಗುವುದು ಇಷ್ಟು ಕಷ್ಟ ಅಂತ ಅಂದುಕೊಂಡಿರಲಿಲ್ಲ. ಹುಡುಗಿಯ ಅಮ್ಮ ಆಲೆಮನೆಯಲ್ಲಿ ಕೂಲಿ. 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲೇ ಹೆಣ್ಣು ಭ್ರೂಣ ಪತ್ತೆ ಮಾಡುವ ದಂಧೆ ಸಿಕ್ಕಿಬಿದ್ದಿತ್ತು. ಪೇಪರ್, ಟಿ.ವಿ. ಎಲ್ಲ ಅದೇ. ಕೆಲವೇ ತಿಂಗಳಾದ ಮೇಲೆ ಕ್ಯಾಮೆರಾ ಹಿಡಿದ ಹೆಂಗಸೊಬ್ಬಳು ಬಂದು, ಬಸುರಿ ಕಥೆ, ಆಲೆಮನೆ ಬೇಕು ಅಂದರೆ ಯಾರು ಕೊಡುತ್ತಾರೆ? ಟಿ.ವಿ.ಯವರು ವೇಷ ಹಾಕಿಕೊಂಡು ಬಂದಿದ್ದಾರೆ ಅಂದುಕೊಂಡರು. ಕೊಟ್ಟವರು ಪಂಚಾಯ್ತಿ ಸದಸ್ಯರ ಮನೆಯವರು, ಸ್ಕ್ರಿಪ್ಟಿನ ಆ ಪುಟಗಳನ್ನು ಓದಿಸಿ ಕೇಳಿದ ಮೇಲೆ.

ಆಲೆಮನೆಯಲ್ಲಿ ಶೂಟ್ ಮಾಡುವವರಿಗೆ ಒಂದು ಮಾತು. ಬೆಳಗಿನ ಚಳಿಯಲ್ಲಿ ಬ್ಯಾಗಿನಿಂದ ತೆಗೆದ ಲೆನ್ಸನ್ನು ಕೊಪ್ಪರಿಗೆ ಹತ್ತಿರ ಒಯ್ದರೆ ತಕ್ಷಣ ಹಬೆ ಕೂರುತ್ತದೆ. ಒರೆಸಿದಷ್ಟೂ ಕೂರುತ್ತದೆ. ಕ್ಯಾಮೆರಾವನ್ನು ಬ್ಯಾಗಿನ ಸಮೇತ ಒಳಗೆ ಇಟ್ಟು, ಅದು ಬೆಚ್ಚಗಾಗುವವರೆಗೆ ಕಾದು ಆಮೇಲೆ ತೆಗೆಯಿರಿ. ಲೈಟು ಬೇಡವೇ ಬೇಡ. ಒಲೆಗೆ ಕಬ್ಬಿನ ಸಿಪ್ಪೆ ನೂಕುವಾಗ ಬರುವ ಬೆಳಕಿನಲ್ಲಿ ಮುಖ ಕಾಣುತ್ತದೆ, ಮರೆಯಾಗುತ್ತದೆ. ಸದ್ದಿಗೆ ಮಾತ್ರ ದಾರಿಯಿಲ್ಲ. ಗಾಣ ಓಡುತ್ತಿದ್ದರೆ ಲೇಪಲ್ ಮೈಕಿನಲ್ಲೂ ಮಾತು ಕೇಳದು. ಅಮ್ಮ ಮಗಳ ಮುಖ್ಯವಾದ ಮಾತನ್ನು ಅಲ್ಲೇ ಇಟ್ಟೆವು. ಅಮ್ಮ ಏನೋ ಹೇಳುತ್ತಾಳೆ, ಮಗಳು ತಲೆ ಆಡಿಸುತ್ತಾಳೆ, ಏನು ಅಂತ ಕೇಳಿಸುವುದಿಲ್ಲ. ಅಮ್ಮಂದಿರು ಇಂಥ ಮಾತನ್ನು ಆಡುವುದೇ ಯಾರಿಗೂ ಕೇಳದ ಜಾಗ ನೋಡಿಕೊಂಡು.

ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿಸಂಹಿತೆ ಬಂತು. 50,000 ರೂಪಾಯಿಗಿಂತ ಜಾಸ್ತಿ ನಗದು ಇದ್ದರೆ ದಾಖಲೆ ತೋರಿಸಬೇಕು. ಸಣ್ಣ ಸಿನಿಮಾದಲ್ಲಿ ಎಲ್ಲವೂ ನಗದು, ಊಟದವರಿಗೆ, ವ್ಯಾನಿನವರಿಗೆ, ಕೂಲಿಗೆ. ಚೆಕ್‌ಪೋಸ್ಟಿನಲ್ಲಿ ಪ್ರತಿ ಸಲ ಡಬ್ಬಿಗಳನ್ನೆಲ್ಲ ಬಿಚ್ಚಿ ತೋರಿಸುತ್ತಿದ್ದೆವು. ಗೊಂಬೆ ಮಗುವನ್ನು ಬಟ್ಟೆಯಿಂದ ಬಿಚ್ಚಿ ನೋಡಿದ ಪೇದೆ ಬೆಚ್ಚಿಬಿದ್ದು ಆಮೇಲೆ ನಕ್ಕರು. ಹೆಚ್ಚಿನ ಪಾವತಿಯನ್ನು ಫೋನ್‌ಪೇಗೆ ಹಾಕಿದ ಮೇಲೆ ಲೆಕ್ಕವೂ ಸಲೀಸಾಯಿತು.

ಸೆನ್ಸಾರ್ ಬೆಂಗಳೂರಿನಲ್ಲಿ ಆಯಿತು. ಬೀಡಿ ಸೇದುವ ಕಡೆಯೆಲ್ಲ ಎಚ್ಚರಿಕೆ ಸಾಲು ಹಾಕಬೇಕಾಯಿತು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ.

ಥಿಯೇಟರ್ ಸಿಗುವುದಕ್ಕೆ ಮೊದಲೇ ಅದೇ ಊರಿನ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ತೋರಿಸಿದೆವು. ಪತ್ರಿಕೆ ಎಣಿಸುತ್ತಾ ಹೋದ ದೃಶ್ಯಕ್ಕೆ ಹೆಂಗಸರ ಕಡೆಯಿಂದ ಒಂದು ಸದ್ದು ಬಂತು, ನಗುವೋ ನಿಟ್ಟುಸಿರೋ ಗೊತ್ತಾಗಲಿಲ್ಲ. ಮುಗಿದ ಮೇಲೆ ಗಂಡಸರು ಡೈರಿ ಚೀಟಿಯ ಮೇಲೆ ಜಗಳ ಶುರುಮಾಡಿದರು. ಚೀಟಿಯಲ್ಲಿ ಫ್ಯಾಟ್ 4.5 ಅಂತ ಕಾಣುತ್ತದೆ. "ಸೀಮೆ ಹಸಿಗೆ ನಾಲ್ಕೂವರೆ ಎಲ್ಲಿ ಬತ್ತದೆ? ಎಮ್ಮೆ ಹಾಲು ಬೆರೆಸವ್ಳೆ!" ಊರಿನ ಯಜಮಾನರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನಾವೇನು ಓಡಿಸಿದ್ವಾ ಅವಳ್ನ? ಸುಮ್ಕಿದ್ವಿ ಅಷ್ಟೆಯ" ಅಂದರು. ಪಾತ್ರದ ಬಗ್ಗೆ ಹೇಳಿದರೋ, ಬೇರೆ ಯಾರ ಬಗ್ಗೆಯೋ, ನಾನು ಕೇಳಲಿಲ್ಲ.

ಹೆಂಗಸರ ಪ್ರಶ್ನೆ ಬೇರೆ ಇತ್ತು. "ಅವಳಿಗೆ ಗೃಹಲಕ್ಷ್ಮಿ ದುಡ್ಡು ಬತ್ತದಾ?" ತಿಂಗಳಿಗೆ 2,000 ರೂಪಾಯಿಯ ಆ ಯೋಜನೆ 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಶುರುವಾದದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲೇ ಕೂತಿದ್ದ ಅಂಗನವಾಡಿ ಟೀಚರ್ ಎದ್ದು ಹೇಳಿದರು: ರೇಷನ್ ಕಾರ್ಡಿನಲ್ಲಿ ಯಜಮಾನಿ ಅಮ್ಮ, ಹಾಗಾಗಿ ದುಡ್ಡು ಅಮ್ಮನಿಗೆ. ಹುಡುಗಿಗೆ ಬರಬೇಕು ಅಂದರೆ ಬೇರೆ ಕಾರ್ಡ್ ಆಗಿ, ಅದರಲ್ಲಿ ಅವಳೇ ಯಜಮಾನಿ ಆಗಬೇಕು. "ಮಗ ಐತಲ್ಲ, ಅವಳದೂ ಒಂದು ಮನೇನೆ" ಅಂತ ಒಬ್ಬಾಕೆ ಅಂದರು. ಆಮೇಲೆ ಯಾರ ಮನೆ ಕಾರ್ಡಿನಲ್ಲಿ ಯಾರ ಹೆಸರು ಮೇಲಿದೆ, ಅತ್ತೆಯದೋ ಸೊಸೆಯದೋ ಅಂತ ಮಾತು ಶುರುವಾಯಿತು. ನಾವು ಪರದೆ ಬಿಚ್ಚಿ ವ್ಯಾನಿಗೆ ಹಾಕಿದರೂ ಅದು ಮುಗಿದಿರಲಿಲ್ಲ.